ಅಂಡಮಾನೋ, ಲಕ್ಷದ್ವೀಪವೋ: ವರ್ತಕ ಕುಟುಂಬದ ರಜೆಗೆ ಒಂದು ಲೆಕ್ಕಾಚಾರ



ಲೆಕ್ಕಪರಿಶೋಧನೆಯ ಕಾಲ ಮುಗಿದು ರಿಟರ್ನುಗಳೆಲ್ಲ ಸಲ್ಲಿಕೆಯಾದ ಮೇಲೆ, ನವೆಂಬರ್ ತಿಂಗಳಿನಲ್ಲಿ ನಮ್ಮ ಕಚೇರಿಗೆ ಬರುವ ಕಕ್ಷಿದಾರರ ಪ್ರಶ್ನೆಗಳ ಸ್ವರೂಪವೇ ಬದಲಾಗುತ್ತದೆ. ತೆರಿಗೆಯ ಮಾತು ಮುಗಿಸಿ ಏಳುವ ಮುನ್ನ, "ಸಾರ್, ಈ ಸಲ ಮನೆಯವರನ್ನೆಲ್ಲ ಕರೆದುಕೊಂಡು ಸಮುದ್ರ ನೋಡಿ ಬರೋಣ ಅಂತಿದ್ದೇವೆ. ಅಂಡಮಾನ್ ವಾಸಿಯೋ, ಲಕ್ಷದ್ವೀಪ ವಾಸಿಯೋ?" ಎಂದು ಕೇಳುವವರು ಈಚಿನ ವರ್ಷಗಳಲ್ಲಿ ಹೆಚ್ಚಾಗಿದ್ದಾರೆ. ಕಡೂರು, ತರೀಕೆರೆ, ಅಜ್ಜಂಪುರ ಭಾಗದ ನಮಗೆ ಪ್ರವಾಸವೆಂದರೆ ಬಹುಕಾಲ ಧರ್ಮಸ್ಥಳ, ತಿರುಪತಿ, ಹೆಚ್ಚೆಂದರೆ ಕಾಶಿ. ದ್ವೀಪಗಳ ಮಾತು ಹೊಸತು. ಆದುದರಿಂದ ಈ ಎರಡು ದ್ವೀಪಸಮೂಹಗಳನ್ನು ವ್ಯಾಪಾರಿಯ ದೃಷ್ಟಿಯಿಂದ ತುಲನೆ ಮಾಡಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲಿಗೆ ಒಂದು ಪ್ರಸಂಗ. ನಮ್ಮ ತಾಲ್ಲೂಕಿನ ಕೊಬ್ಬರಿ ವರ್ತಕರೊಬ್ಬರು ಹಲವು ವರ್ಷಗಳಿಂದ ಲಕ್ಷದ್ವೀಪಕ್ಕೆ ಹೋಗಬೇಕೆಂದಿದ್ದರು. ತೆಂಗಿನ ದ್ವೀಪವನ್ನು ತೆಂಗಿನ ವ್ಯಾಪಾರಿ ನೋಡದಿದ್ದರೆ ಹೇಗೆ ಎಂಬುದು ಅವರ ವಾದ. ಒಂದು ವರ್ಷ ಧಾರಣೆ ಏರಿತು, ಮಳಿಗೆ ಬಿಡುವಂತಿರಲಿಲ್ಲ. ಮತ್ತೊಂದು ವರ್ಷ ಮಗನ ಕಾಲೇಜು ಸೇರ್ಪಡೆ. ಇನ್ನೊಂದು ವರ್ಷ ಇಲಾಖೆಯ ನೋಟಿಸು. ಕೊನೆಗೆ ಎಲ್ಲವೂ ಕೂಡಿಬಂದ ವರ್ಷ ಅವರ ಶ್ರೀಮತಿಯವರ ಮಂಡಿ ಸವೆದಿತ್ತು. ಹಡಗಿನಿಂದ ಸಣ್ಣ ದೋಣಿಗೆ ಇಳಿಯುವುದು ಸಾಧ್ಯವಿಲ್ಲವೆಂದು ವೈದ್ಯರು ಹೇಳಿಬಿಟ್ಟರು. ಈ ಆಯ್ಕೆಯಲ್ಲಿ ಹಣಕ್ಕಿಂತ ಮುಖ್ಯವಾದ ಒಂದು ಬಾಬತ್ತು ಇದೆ, ಅದು ದಿನಗಳು ಎಂಬುದನ್ನು ಅವರಿಂದ ನಾನು ಕಲಿತೆ.

ಎರಡು ಸಮೂಹಗಳ ಪರಿಚಯ

ಲಕ್ಷದ್ವೀಪವು ಅರಬ್ಬೀ ಸಮುದ್ರದಲ್ಲಿ, ಕೇರಳ ತೀರದಿಂದ ಸುಮಾರು 220 ರಿಂದ 440 ಕಿ.ಮೀ. ದೂರದಲ್ಲಿದೆ. ಒಟ್ಟು ಭೂಪ್ರದೇಶ ಕೇವಲ 32 ಚದರ ಕಿ.ಮೀ. ಜನವಸತಿ ಇರುವುದು 10 ದ್ವೀಪಗಳಲ್ಲಿ ಮಾತ್ರ. 2011ರ ಜನಗಣತಿಯ ಪ್ರಕಾರ ಜನಸಂಖ್ಯೆ ಅರವತ್ತನಾಲ್ಕು ಸಾವಿರದ ಆಸುಪಾಸು. ಇವೆಲ್ಲ ಹವಳದಿಂದಾದ ತಗ್ಗು ದ್ವೀಪಗಳು, ಗುಡ್ಡವಿಲ್ಲ, ಹೊಳೆಯಿಲ್ಲ. ಸುತ್ತಲೂ ಹವಳದ ದಿಬ್ಬ, ಅದರೊಳಗೆ ಕೆರೆಯಂತೆ ಶಾಂತವಾದ ತಿಳಿನೀರು. ತೆಂಗು ಮತ್ತು ಸೂರೆ ಮೀನು ಅಲ್ಲಿನ ಜೀವನಾಧಾರ.

ಅಂಡಮಾನ್ ಮತ್ತು ನಿಕೋಬಾರ್ ಬಂಗಾಳಕೊಲ್ಲಿಯಲ್ಲಿ, ಚೆನ್ನೈನಿಂದ ಸುಮಾರು 1,200 ಕಿ.ಮೀ. ದೂರದಲ್ಲಿದೆ. ವಿಸ್ತೀರ್ಣ 8,249 ಚದರ ಕಿ.ಮೀ., ಅಂದರೆ ನಮ್ಮ ಚಿಕ್ಕಮಗಳೂರು ಜಿಲ್ಲೆಗಿಂತ ಸ್ವಲ್ಪ ದೊಡ್ಡದು. 2011ರ ಜನಸಂಖ್ಯೆ ಸುಮಾರು 3.8 ಲಕ್ಷ. ಇಲ್ಲಿ ಬೆಟ್ಟವಿದೆ, ದಟ್ಟ ಕಾಡಿದೆ, ಬ್ಯಾರನ್ ದ್ವೀಪದಲ್ಲಿ ಜೀವಂತ ಜ್ವಾಲಾಮುಖಿಯೂ ಇದೆ. ಅಡಿಕೆ ಮತ್ತು ತೆಂಗು ಅಲ್ಲಿಯೂ ಮುಖ್ಯ ತೋಟದ ಬೆಳೆಗಳೆಂಬುದು ನಮ್ಮ ಕಡೆಯವರಿಗೆ ಆಸಕ್ತಿಯ ವಿಷಯ. ರಾಜಧಾನಿ ಪೋರ್ಟ್ ಬ್ಲೇರ್‌ಗೆ 2024ರ ಸೆಪ್ಟೆಂಬರ್‌ನಲ್ಲಿ ಶ್ರೀ ವಿಜಯಪುರಂ ಎಂದು ಹೆಸರಿಡಲಾಯಿತು. ಹ್ಯಾವ್‌ಲಾಕ್ ದ್ವೀಪವು ಸ್ವರಾಜ್ ದ್ವೀಪವೆಂದೂ ನೀಲ್ ದ್ವೀಪವು ಶಹೀದ್ ದ್ವೀಪವೆಂದೂ 2018ರ ಡಿಸೆಂಬರ್‌ನಲ್ಲಿಯೇ ಬದಲಾಗಿವೆ. ಟಿಕೆಟ್ಟಿನಲ್ಲಿ ಹಳೆಯ ಹೆಸರೂ ಹೊಸ ಹೆಸರೂ ಕಾಣಿಸಿಕೊಂಡು ಗಲಿಬಿಲಿಯಾಗುವುದುಂಟು. ಎರಡನ್ನೂ ತಿಳಿದಿರುವುದು ಲೇಸು.

ಕನ್ನಡ ನಾಡಿಗೂ ಲಕ್ಷದ್ವೀಪಕ್ಕೂ ಹಳೆಯ ವ್ಯಾಪಾರ ಸಂಬಂಧವೊಂದಿದೆ. ಉತ್ತರ ಭಾಗದ ಅಮೀನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರ ದ್ವೀಪಗಳಿಗೆ ಅಮೀನಿದಿವಿ ಎಂದು ಹೆಸರು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಇವು ಟಿಪ್ಪು ಸುಲ್ತಾನನ ಆಳ್ವಿಕೆಗೆ ಬಂದವು. 1799ರ ನಂತರ ಬ್ರಿಟಿಷರ ಕೈಸೇರಿ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿ ಮಂಗಳೂರಿನಿಂದ ಆಡಳಿತಕ್ಕೊಳಪಟ್ಟವು. ದ್ವೀಪದ ತೆಂಗಿನ ನಾರಿನ ಹುರಿ ಮಂಗಳೂರಿಗೆ, ಮಂಗಳೂರಿನ ಅಕ್ಕಿ ದ್ವೀಪಕ್ಕೆ, ಹೀಗೆ ಹಾಯಿದೋಣಿಗಳಲ್ಲಿ ವಿನಿಮಯ ನಡೆಯುತ್ತಿತ್ತು. 1956ರ ನವೆಂಬರ್ 1ರಂದು ಎಲ್ಲ ದ್ವೀಪಗಳೂ ಸೇರಿ ಕೇಂದ್ರಾಡಳಿತ ಪ್ರದೇಶವಾಯಿತು. ಲಕ್ಷದ್ವೀಪವೆಂಬ ಹೆಸರು ಬಂದದ್ದು 1973ರಲ್ಲಿ.

ಒಂದು ಟೆಂಡರು, ಇನ್ನೊಂದು ಸಂತೆ

ಎರಡರ ನಡುವಿನ ಮುಖ್ಯ ವ್ಯತ್ಯಾಸವನ್ನು ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಲಕ್ಷದ್ವೀಪ ಟೆಂಡರು ಇದ್ದಂತೆ, ಅಂಡಮಾನ್ ಸಂತೆ ಇದ್ದಂತೆ.

ಲಕ್ಷದ್ವೀಪಕ್ಕೆ ಹೊರಗಿನ ಭಾರತೀಯರೂ ಪ್ರವೇಶ ಪರವಾನಗಿ ಪಡೆಯಬೇಕು. 1967ರಿಂದ ಜಾರಿಯಲ್ಲಿರುವ ನಿಯಮಾವಳಿ ಇದಕ್ಕೆ ಆಧಾರ. ದ್ವೀಪಗಳು ಚಿಕ್ಕವು, ನೆಲದಡಿಯ ಸಿಹಿನೀರಿನ ಪದರ ತೆಳುವಾದುದು, ಸ್ಥಳೀಯರು ಪರಿಶಿಷ್ಟ ಪಂಗಡಕ್ಕೆ ಸೇರಿದವರು. ಆದ್ದರಿಂದ ಬರುವವರ ಸಂಖ್ಯೆಗೆ ಕಡಿವಾಣ ಅಗತ್ಯವೇ ಆಗಿದೆ. ಪ್ರವಾಸಿಗೆ ತೆರೆದಿರುವ ದ್ವೀಪಗಳು ಕೆಲವೇ, ಕೊಠಡಿಗಳು ಕೆಲವೇ, ಆಸನಗಳು ಕೆಲವೇ. ಅರ್ಜಿ, ದಾಖಲೆ, ಗಡುವು ಎಲ್ಲವೂ ಸರಿಯಿದ್ದರಷ್ಟೇ ಕೆಲಸವಾಗುತ್ತದೆ.

ಹೋಗಲು ಎರಡು ದಾರಿ. ಮೊದಲನೆಯದು ಕೊಚ್ಚಿಯ ವಿಲಿಂಗ್ಡನ್ ದ್ವೀಪದಿಂದ ಹೊರಡುವ ಹಡಗು. ದ್ವೀಪಕ್ಕನುಗುಣವಾಗಿ 14 ರಿಂದ 18 ಗಂಟೆಗಳ ಪ್ರಯಾಣ. ಹಗಲು ದ್ವೀಪದಲ್ಲಿ, ರಾತ್ರಿ ಹಡಗಿನಲ್ಲಿ ಕಳೆಯುವಂತೆ ಕವರತ್ತಿ, ಕಲ್ಪೇನಿ, ಮಿನಿಕಾಯ್ ತೋರಿಸುವ 'ಸಮುದ್ರಂ' ಎಂಬ ಕಾರ್ಯಕ್ರಮವನ್ನು ಲಕ್ಷದ್ವೀಪ ಆಡಳಿತದ ಪ್ರವಾಸಿ ಸಂಸ್ಥೆಯಾದ 'ಸ್ಪೋರ್ಟ್ಸ್' ನಡೆಸುತ್ತ ಬಂದಿದೆ. ಆಯಾ ವರ್ಷದ ವೇಳಾಪಟ್ಟಿಯನ್ನು ನೋಡಿಕೊಳ್ಳಬೇಕು. ಎರಡನೆಯದು ಅಗತ್ತಿಗೆ ವಿಮಾನ. ಅಲ್ಲಿನ ರನ್‌ವೇ ಚಿಕ್ಕದಾದುದರಿಂದ ಎಟಿಆರ್ ಮಾದರಿಯ ಸಣ್ಣ ವಿಮಾನಗಳು ಮಾತ್ರ ಇಳಿಯುತ್ತವೆ. 2024ರ ಜನವರಿಯಲ್ಲಿ ಪ್ರಧಾನಮಂತ್ರಿಗಳು ಭೇಟಿ ನೀಡಿದ ನಂತರ ಬೇಡಿಕೆ ಹಠಾತ್ತನೆ ಏರಿತು. ಅದೇ ವರ್ಷ ಮಾರ್ಚ್ 31ರಂದು ಇಂಡಿಗೊ ಸಂಸ್ಥೆ ಬೆಂಗಳೂರಿನಿಂದ ಅಗತ್ತಿಗೆ ನೇರ ವಿಮಾನ ಆರಂಭಿಸಿತು. ಇಂತಹ ಸಣ್ಣ ಮಾರ್ಗಗಳ ವೇಳಾಪಟ್ಟಿ ಬದಲಾಗುತ್ತಿರುತ್ತದೆ. ಕಾಯ್ದಿರಿಸುವ ದಿನವೇ ಪರಿಶೀಲಿಸುವುದು ಕ್ಷೇಮ.

ಅಂಡಮಾನಿಗೆ ಭಾರತೀಯರಿಗೆ ಇಂತಹ ಪರವಾನಗಿ ಬೇಕಿಲ್ಲ. ಬುಡಕಟ್ಟು ಜನರ ಮೀಸಲು ಪ್ರದೇಶಗಳು ಮತ್ತು ನಿಕೋಬಾರ್ ಭಾಗ ಮಾತ್ರ ನಿರ್ಬಂಧಿತ. ಬೆಂಗಳೂರಿನಿಂದ ನೇರ ವಿಮಾನದಲ್ಲಿ ಮೂರು ಗಂಟೆಯೊಳಗೆ ತಲುಪಬಹುದು. ಚೆನ್ನೈ, ಕೋಲ್ಕತ್ತ, ವಿಶಾಖಪಟ್ಟಣಗಳಿಂದ ಹಡಗೂ ಇದೆ. ಆದರೆ ಸುಮಾರು ಮೂರು ದಿನ ಬೇಕು. ಹೋಟೆಲುಗಳು ಬಹಳ, ಚೌಕಾಸಿಗೆ ಅವಕಾಶವುಂಟು, ಒಂದು ಸಿಗದಿದ್ದರೆ ಇನ್ನೊಂದು ಸಿಗುತ್ತದೆ. ಸಂತೆಯೆಂದದ್ದು ಇದಕ್ಕೇ.

ಈ ವ್ಯತ್ಯಾಸ ತಿಳಿಯದೆ ನಾನೇ ಒಮ್ಮೆ ಪೆಟ್ಟು ತಿಂದಿದ್ದೇನೆ. ಕೆಲವು ವರ್ಷಗಳ ಹಿಂದೆ ನಾವು ನಾಲ್ಕು ಕುಟುಂಬದವರು ಸೇರಿ ಲಕ್ಷದ್ವೀಪಕ್ಕೆಂದು ಏಜೆಂಟರೊಬ್ಬರಿಗೆ ಪೂರ್ತಿ ಹಣ ಮುಂಗಡ ಕೊಟ್ಟೆವು. ಪರವಾನಗಿ "ಇಂದು ನಾಳೆ ಬರುತ್ತದೆ" ಎನ್ನುತ್ತಲೇ ಹಡಗು ಹೊರಡುವ ದಿನ ಕಳೆಯಿತು. ಹಣ ವಾಪಸು ಬರಲು ಏಳು ತಿಂಗಳು ಬೇಕಾಯಿತು, ಅದೂ ಕಡಿತದೊಂದಿಗೆ. ಬೇರೆಯವರ ಕರಾರು ಪತ್ರಗಳನ್ನು ಓದಿ ತಿದ್ದುವ ನಾನು ಸ್ವಂತ ರಜೆಯ ರಸೀತಿಯ ಹಿಂಬದಿಯ ಷರತ್ತನ್ನು ಓದಿರಲಿಲ್ಲ. ಪರವಾನಗಿಯ ಪ್ರತಿ ಕೈಗೆ ಬರುವ ತನಕ ದೊಡ್ಡ ಮೊತ್ತ ಕೊಡಬೇಡಿ. ಪರವಾನಗಿ ದೊರೆಯದಿದ್ದರೆ ಎಷ್ಟು ದಿನದಲ್ಲಿ ಎಷ್ಟು ಹಣ ಹಿಂತಿರುಗುತ್ತದೆಂಬುದನ್ನು ಬರಹದಲ್ಲಿ ಪಡೆಯಿರಿ.

ಸ್ಥಿರ ವೆಚ್ಚ, ಚರ ವೆಚ್ಚ

ಪ್ರವಾಸದ ಖರ್ಚಿನಲ್ಲಿ ಹೋಗಿ ಬರುವ ಪ್ರಯಾಣದ ವೆಚ್ಚ ಸ್ಥಿರವಾದುದು. ಎರಡು ದಿನವಿದ್ದರೂ ಹತ್ತು ದಿನವಿದ್ದರೂ ಅಷ್ಟೇ. ಊಟ, ವಸತಿ, ಸ್ಥಳೀಯ ಓಡಾಟದ ವೆಚ್ಚ ದಿನ ಹೆಚ್ಚಿದಂತೆ ಹೆಚ್ಚುವುದು. ಉದಾಹರಣೆಗೆ ಒಬ್ಬರಿಗೆ ಪ್ರಯಾಣಕ್ಕೆ 20,000 ರೂ., ದಿನದ ಖರ್ಚು 5,000 ರೂ. ಎಂದು ಭಾವಿಸೋಣ. ಮೂರು ದಿನವಿದ್ದರೆ ಒಟ್ಟು 35,000, ಅಂದರೆ ದಿನಕ್ಕೆ 11,667 ರೂ. ಬಿದ್ದಂತಾಯಿತು. ಆರು ದಿನವಿದ್ದರೆ ಒಟ್ಟು 50,000, ದಿನಕ್ಕೆ 8,333 ರೂ. ದೂರದ ಊರಿಗೆ ಹೋಗಿ ಬೇಗ ಮರಳುವುದೇ ಅತ್ಯಂತ ದುಬಾರಿ ಪ್ರವಾಸ ಎಂಬುದು ಇದರಿಂದ ಸ್ಪಷ್ಟ.

ಆದರೆ ವರ್ತಕನಿಗೆ ಇನ್ನೊಂದು ಖರ್ಚು ಇದೆ. ಅದು ಯಾವ ಏಜೆಂಟರ ಪಟ್ಟಿಯಲ್ಲಿಯೂ ಇರುವುದಿಲ್ಲ: ಅಂಗಡಿ ಬಾಗಿಲು ಹಾಕಿದ ದಿನಗಳ ನಷ್ಟ. ಆದ್ದರಿಂದ ಮನೆ ಬಿಟ್ಟ ಒಟ್ಟು ದಿನಗಳಲ್ಲಿ ದ್ವೀಪದಲ್ಲಿ ಕಳೆಯುವ ದಿನಗಳೆಷ್ಟು ಎಂಬ ಅನುಪಾತವನ್ನು ನೋಡಬೇಕು. ಕಡೂರಿನಿಂದ ರಾತ್ರಿ ಹೊರಟು ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ಬೆಳಗಿನ ವಿಮಾನ ಹಿಡಿದರೆ ಮಧ್ಯಾಹ್ನದ ಹೊತ್ತಿಗೆ ಅಂಡಮಾನಿನಲ್ಲಿರಬಹುದು. ಏಳು ದಿನದಲ್ಲಿ ಐದು ದಿನಕ್ಕೂ ಹೆಚ್ಚು ದ್ವೀಪದಲ್ಲಿಯೇ ದೊರೆಯುತ್ತವೆ. ಹಡಗಿನಲ್ಲಿ ಲಕ್ಷದ್ವೀಪಕ್ಕಾದರೆ ಬೀರೂರು ಅಥವಾ ಕಡೂರಿನಿಂದ ಬೆಂಗಳೂರು, ಅಲ್ಲಿಂದ ಎರ್ನಾಕುಳಂ, ನಂತರ ಹಡಗು. ಮರಳುವಾಗ ಅದೇ ಕ್ರಮ. ಏಳು ದಿನದಲ್ಲಿ ಮೂರೂವರೆ ದಿನ ದಕ್ಕಿದರೆ ಹೆಚ್ಚು. ನಕಾಶೆಯಲ್ಲಿ ಹತ್ತಿರವಿರುವ ಲಕ್ಷದ್ವೀಪ ದಿನಗಳ ಲೆಕ್ಕದಲ್ಲಿ ದೂರ. ನಕಾಶೆಯಲ್ಲಿ ದೂರವಿರುವ ಅಂಡಮಾನ್ ದಿನಗಳ ಲೆಕ್ಕದಲ್ಲಿ ಹತ್ತಿರ. ಅಗತ್ತಿಯ ವಿಮಾನದಲ್ಲಿ ಆಸನ ಸಿಕ್ಕರೆ ಮಾತ್ರ ಈ ಲೆಕ್ಕ ಬದಲಾಗುತ್ತದೆ.

ಮಳೆ, ಬೆಳೆ, ರಿಟರ್ನು

ಲಕ್ಷದ್ವೀಪದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಮುದ್ರ ಒರಟಾಗಿರುತ್ತದೆ. ಪ್ರವಾಸಿ ಕಾರ್ಯಕ್ರಮಗಳು ಬಹುಪಾಲು ನಿಲ್ಲುತ್ತವೆ. ಅಕ್ಟೋಬರ್‌ನಿಂದ ಮೇ ಮಧ್ಯದವರೆಗೆ ಅನುಕೂಲ ಕಾಲ. ಅಂಡಮಾನಿಗೆ ನೈಋತ್ಯ ಮಾರುತವೂ ಈಶಾನ್ಯ ಮಾರುತವೂ ಮಳೆ ತರುತ್ತವೆ. ಆದ್ದರಿಂದ ದಸರಾ ರಜೆಯಲ್ಲಿ ಅಲ್ಲಿಗೆ ಹೋದವರು ಮಳೆಗೆ ಸಿಕ್ಕಿಕೊಳ್ಳುವುದುಂಟು. ಅಲ್ಲಿ ಜನವರಿಯಿಂದ ಏಪ್ರಿಲ್‌ವರೆಗೆ ಒಳ್ಳೆಯ ಕಾಲ.

ಇದಕ್ಕೆ ನಮ್ಮ ವ್ಯಾಪಾರದ ಪಂಚಾಂಗವನ್ನು ಹೊಂದಿಸೋಣ. ಅಜ್ಜಂಪುರ ಭಾಗದ ಮುಂಗಾರು ಈರುಳ್ಳಿಯ ಆವಕ ಜನವರಿಯ ಹೊತ್ತಿಗೆ ಮುಗಿದಿರುತ್ತದೆ. ತರೀಕೆರೆ ಕಡೆಯ ಅಡಿಕೆ ಕೊಯ್ಲಿನ ಒತ್ತಡವೂ ತಗ್ಗಿರುತ್ತದೆ. ಡಿಸೆಂಬರ್ 15ರ ಮುಂಗಡ ತೆರಿಗೆ, ಡಿಸೆಂಬರ್ 31ರ ಜಿಎಸ್‌ಟಿ ವಾರ್ಷಿಕ ರಿಟರ್ನು ಮುಗಿದಿರುತ್ತವೆ. ಜನವರಿ 20ಕ್ಕೆ ಮಾಸಿಕ ಜಿಎಸ್‌ಟಿಆರ್-3ಬಿ ಸಲ್ಲಿಸಿದರೆ, ಮುಂದಿನ ಜಿಎಸ್‌ಟಿಆರ್-1 ಬರುವುದು ಫೆಬ್ರವರಿ 11ಕ್ಕೆ. ತ್ರೈಮಾಸಿಕ ಪದ್ಧತಿಯಲ್ಲಿರುವವರಿಗೆ ನಮ್ಮ ರಾಜ್ಯದಲ್ಲಿ ಜನವರಿ 22 ಗಡುವು. ಆದ್ದರಿಂದ ಜನವರಿ 23ರಿಂದ ಫೆಬ್ರವರಿ 10ರವರೆಗಿನ ಅವಧಿ ಎರಡೂ ದ್ವೀಪಗಳಿಗೆ ಪ್ರಶಸ್ತ. ಜನವರಿ 31ರ ಟಿಡಿಎಸ್ ವಿವರಣಾ ಪಟ್ಟಿಯನ್ನೂ ಫೆಬ್ರವರಿ 7ರ ಟಿಡಿಎಸ್ ಪಾವತಿಯನ್ನೂ ಹೊರಡುವ ಮೊದಲೇ ಮುಗಿಸಿಡಿ. ಶಾಲೆಗೆ ಹೋಗುವ ಮಕ್ಕಳಿದ್ದು ಆಗ ರಜೆ ಸಿಗದಿದ್ದರೆ ಏಪ್ರಿಲ್ ತಿಂಗಳನ್ನು ಆರಿಸಿಕೊಳ್ಳಬಹುದು.

ದ್ವೀಪದಲ್ಲಿದ್ದಾಗ ಒಟಿಪಿ ಬರುತ್ತದೆಯೇ ಎಂಬುದು ಈಗಿನ ವ್ಯಾಪಾರಿಯ ದೊಡ್ಡ ಚಿಂತೆ. ಚೆನ್ನೈ ಮತ್ತು ಅಂಡಮಾನ್ ನಡುವೆ ಸಮುದ್ರದಡಿಯ ಕೇಬಲ್ ಸಂಪರ್ಕ 2020ರ ಆಗಸ್ಟ್‌ನಲ್ಲಿ, ಕೊಚ್ಚಿ ಮತ್ತು ಲಕ್ಷದ್ವೀಪದ ನಡುವೆ 2024ರ ಜನವರಿಯಲ್ಲಿ ಉದ್ಘಾಟನೆಗೊಂಡವು. ಪರಿಸ್ಥಿತಿ ಮೊದಲಿಗಿಂತ ಎಷ್ಟೋ ಉತ್ತಮ. ಆದರೂ ಹಡಗಿನಲ್ಲಿರುವಾಗ ಮೊಬೈಲು ಮೂಕವಾಗುತ್ತದೆ. 3ಬಿ ತಡವಾದರೆ ದಿನಕ್ಕೆ 50 ರೂ. ವಿಳಂಬ ಶುಲ್ಕ ಮತ್ತು ತೆರಿಗೆಯ ಮೇಲೆ ವಾರ್ಷಿಕ ಶೇ. 18 ಬಡ್ಡಿ ಬೀಳುವುದರಿಂದ, ದ್ವೀಪದಿಂದ ರಿಟರ್ನು ಸಲ್ಲಿಸುತ್ತೇನೆಂಬ ಸಾಹಸಕ್ಕೆ ಕೈಹಾಕದಿರುವುದು ಒಳಿತು.

ವಯಸ್ಸು, ಊಟ, ನಡವಳಿಕೆ

ಲಕ್ಷದ್ವೀಪದ ಹಲವೆಡೆ ದೊಡ್ಡ ಹಡಗು ಹವಳದ ದಿಬ್ಬದ ಹೊರಗೇ ನಿಲ್ಲುತ್ತದೆ. ಅಲೆಯ ಮೇಲೆ ಏರಿಳಿಯುವ ಸಣ್ಣ ದೋಣಿಗೆ ಪ್ರಯಾಣಿಕರು ಇಳಿಯಬೇಕು. ಮಂಡಿ ನೋವಿರುವವರು, ಹೃದ್ರೋಗಿಗಳು, ಬಹಳ ಚಿಕ್ಕ ಮಕ್ಕಳಿರುವವರು ಇದನ್ನು ಯೋಚಿಸಬೇಕು. ಕವರತ್ತಿಯಲ್ಲಿ ಆಸ್ಪತ್ರೆಯಿದೆ, ತೀವ್ರ ಪ್ರಸಂಗಗಳಲ್ಲಿ ರೋಗಿಯನ್ನು ಹೆಲಿಕಾಪ್ಟರಿನಲ್ಲಿ ಕೊಚ್ಚಿಗೆ ಸಾಗಿಸುತ್ತಾರೆ. ಅಂಡಮಾನಿನಲ್ಲಿ ಶ್ರೀ ವಿಜಯಪುರಂನಿಂದ ಸ್ವರಾಜ್ ದ್ವೀಪಕ್ಕೆ ಹೋಗುವ ಹಡಗುಗಳು ಜೆಟ್ಟಿಗೇ ತಾಗಿ ನಿಲ್ಲುತ್ತವೆ. ರಾಜಧಾನಿಯಲ್ಲಿ ದೊಡ್ಡ ಸರ್ಕಾರಿ ಆಸ್ಪತ್ರೆಯಿದೆ.

ಊಟದ ವಿಚಾರದಲ್ಲಿ, ಅಂಡಮಾನಿನಲ್ಲಿ ತಮಿಳರು, ತೆಲುಗರು, ಬಂಗಾಳಿಗಳು ಬಹಳವಾಗಿ ನೆಲೆಸಿರುವುದರಿಂದ ಸಸ್ಯಾಹಾರಿಗೆ ಇಡ್ಲಿ, ದೋಸೆ, ಅನ್ನ ಸಾರಿಗೆ ಕೊರತೆಯಿಲ್ಲ. ಲಕ್ಷದ್ವೀಪದಲ್ಲಿ ಮೀನು ಮತ್ತು ತೆಂಗು ಪ್ರಧಾನ. ಸಸ್ಯಾಹಾರ ಬೇಕೆಂದು ಕಾಯ್ದಿರಿಸುವಾಗಲೇ ತಿಳಿಸಬೇಕು. ಅಲ್ಲಿನ ಜನ ಬಹುತೇಕ ಮುಸ್ಲಿಮರು, ಸಂಪ್ರದಾಯಸ್ಥರು, ಶಾಂತಸ್ವಭಾವದವರು. ಊರೊಳಗೆ ಸಭ್ಯ ಉಡುಪು ಅಪೇಕ್ಷಣೀಯ. ಮದ್ಯಪಾನ ನಿಷೇಧವಿದೆ, ಬಂಗಾರಂ ದ್ವೀಪದ ಪ್ರವಾಸಿ ನೆಲೆಗೆ ಮಾತ್ರ ವಿನಾಯಿತಿ.

ಎರಡೂ ಕಡೆ ಹವಳದ ಚೂರನ್ನು ನೆನಪಿಗೆಂದು ಚೀಲಕ್ಕೆ ಹಾಕಿಕೊಳ್ಳಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೇರೆಗೆ ಅದು ಅಪರಾಧ. ಅಂಡಮಾನಿನಲ್ಲಿ ಜಾರವ ಜನರ ಛಾಯಾಚಿತ್ರ ತೆಗೆಯುವುದೂ ಅಪರಾಧವೇ.

ನೋಡುವುದಕ್ಕೆ ಏನಿದೆ ಎಂದರೆ, ಅಂಡಮಾನಿನಲ್ಲಿ ವೈವಿಧ್ಯ ಹೆಚ್ಚು. 1906ರಲ್ಲಿ ಪೂರ್ಣಗೊಂಡ ಸೆಲ್ಯುಲರ್ ಜೈಲಿನ ಏಳು ಬಾಹುಗಳಲ್ಲಿ ಉಳಿದ ಮೂರು, ರಾಧಾನಗರ ಕಡಲತೀರ, ಬಾರಾಟಾಂಗ್‌ನ ಸುಣ್ಣಕಲ್ಲಿನ ಗವಿಗಳು. ಮೂರು ದಿನ ಹೆಚ್ಚಿದ್ದರೆ ಉತ್ತರದ ದಿಗ್ಲಿಪುರ. ಲಕ್ಷದ್ವೀಪದಲ್ಲಿ ನೋಡುವುದು ಒಂದೇ, ಆ ನೀರು. ಅದರ ಬಣ್ಣ, ಅದರೊಳಗಿನ ಹವಳ ಮತ್ತು ಮೀನು, ಮಿನಿಕಾಯ್‌ನಲ್ಲಿ 1885ರ ದೀಪಸ್ತಂಭ. ಏನೂ ಮಾಡದೆ ಕುಳಿತಿರಲು ಬಲ್ಲವರಿಗೆ ಅದು ಸ್ವರ್ಗ. ಬಲ್ಲದವರಿಗೆ ಎರಡನೆಯ ದಿನವೇ ಅಂಗಡಿಯ ನೆನಪು.

ಲೆಕ್ಕ ಪುಸ್ತಕದಲ್ಲಿ ಪ್ರವಾಸ

1. ಕುಟುಂಬದ ಪ್ರವಾಸದ ಖರ್ಚು ವ್ಯಾಪಾರದ ಖರ್ಚಲ್ಲ. ಅದನ್ನು ಮಾಲೀಕರ ಸ್ವಂತ ಖರ್ಚಿನ ಖಾತೆಗೆ ಹಾಕಬೇಕು. 'ವ್ಯಾಪಾರ ಪ್ರಯಾಣ' ಎಂದು ಬರೆದಿಡುವುದು ಲೆಕ್ಕಪರಿಶೋಧಕರನ್ನೂ ನಿಮ್ಮನ್ನೂ ಇಕ್ಕಟ್ಟಿಗೆ ಸಿಲುಕಿಸುತ್ತದೆ.

2. ಹೋಟೆಲಿನ ಬಿಲ್ಲಿಗೆ ನಿಮ್ಮ ಜಿಎಸ್‌ಟಿ ಸಂಖ್ಯೆ ಕೊಟ್ಟು ಪ್ರಯೋಜನವಿಲ್ಲ. ಸ್ವಂತ ಬಳಕೆಗೆ ಹೂಡುವಳಿ ತೆರಿಗೆ ಜಮೆ ದೊರೆಯದು. ಅಲ್ಲದೆ ಹೋಟೆಲಿನ ತೆರಿಗೆ ಆ ಕೇಂದ್ರಾಡಳಿತ ಪ್ರದೇಶಕ್ಕೆ ಸಂಬಂಧಿಸಿದ್ದು. ಕರ್ನಾಟಕದ ನೋಂದಣಿಯಲ್ಲಿ ಬಳಸಲಾಗದು. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂ. ವರೆಗಿನ ಕೊಠಡಿಗೆ ಶೇ. 5, ಅದಕ್ಕೂ ಮೀರಿದರೆ ಶೇ. 18 ತೆರಿಗೆ ನಿಗದಿಯಾಗಿದೆ. 7,600 ರೂ.ಗಳ ಕೊಠಡಿಯನ್ನು 7,500ಕ್ಕೆ ಇಳಿಸಿಕೊಂಡರೆ ಉಳಿತಾಯ ನೂರು ರೂಪಾಯಿಯಲ್ಲ, ಒಂದು ಸಾವಿರಕ್ಕೂ ಹೆಚ್ಚು.

3. ಸಿಮೆಂಟು, ಬಣ್ಣ, ಪಂಪ್‌ಸೆಟ್, ಕೀಟನಾಶಕ ಕಂಪನಿಗಳು ಗುರಿ ಮುಟ್ಟಿದ ಡೀಲರುಗಳನ್ನು ಪ್ರವಾಸಕ್ಕೆ ಕಳುಹಿಸುವುದುಂಟು. ಅದು ಪುಕ್ಕಟೆಯಲ್ಲ. 2022ರ ಜುಲೈ 1ರಿಂದ, 1961ರ ಕಾಯಿದೆಯ ಕಲಂ 194ಆರ್ ಮೂಲಕ, ವರ್ಷಕ್ಕೆ 20,000 ರೂ. ಮೀರಿದ ಇಂತಹ ಸೌಲಭ್ಯದ ಮೇಲೆ ಶೇ. 10 ಟಿಡಿಎಸ್ ವ್ಯವಸ್ಥೆ ಜಾರಿಗೆ ಬಂದಿತು. ಸೌಲಭ್ಯದ ಪೂರ್ಣ ಮೌಲ್ಯ ನಿಮ್ಮ ವ್ಯಾಪಾರದ ಆದಾಯ. ಅದು ಇಲಾಖೆಯ ವಾರ್ಷಿಕ ಮಾಹಿತಿ ಪಟ್ಟಿಯಲ್ಲಿ ಕಾಣಿಸುತ್ತದೆ. ನೀವು ತೋರಿಸದಿದ್ದರೆ ನೋಟಿಸು ಖಚಿತ.

4. ವಿದೇಶ ಪ್ರವಾಸದ ಪ್ಯಾಕೇಜಿಗೆ 2020ರ ಅಕ್ಟೋಬರ್ 1ರಿಂದ ಬಂದ ಟಿಸಿಎಸ್ ಈ ಎರಡೂ ದ್ವೀಪಗಳಿಗೆ ಅನ್ವಯಿಸದು. ಇವು ನಮ್ಮ ದೇಶದವೇ. ಮಾಲ್ಡೀವ್ಸ್‌ಗೂ ಇವಕ್ಕೂ ಬೆಲೆ ಹೋಲಿಸುವವರು ಇದನ್ನು ಗಮನಿಸಬೇಕು.

ತೀರ್ಮಾನ

ಇಷ್ಟೆಲ್ಲ ಹೇಳಿದ ಮೇಲೆ ಅಭಿಪ್ರಾಯ ಕೊಡದೆ ಜಾರಿಕೊಳ್ಳುವುದು ಸರಿಯಲ್ಲ. ಹಿರಿಯರು, ಮಕ್ಕಳು ಸೇರಿ ಆರೆಂಟು ಜನರ ಕುಟುಂಬವಾದರೆ, ಒಂದೆರಡು ತಿಂಗಳ ಮುಂಚೆಯಷ್ಟೇ ಯೋಚಿಸುತ್ತಿದ್ದರೆ, ಅಂಡಮಾನಿಗೆ ಹೋಗಿರಿ. ಐದು ರಾತ್ರಿಗಿಂತ ಕಡಿಮೆ ಇಡಬೇಡಿ. ಸಮುದ್ರ ಕೆಟ್ಟಾಗ ದ್ವೀಪಾಂತರ ಹಡಗುಗಳು ರದ್ದಾಗುತ್ತವೆ. ಆದ್ದರಿಂದ ಮರಳುವ ವಿಮಾನದ ಹಿಂದಿನ ದಿನವೇ ಶ್ರೀ ವಿಜಯಪುರಂಗೆ ಬಂದಿರಬೇಕು. ಗಂಡ ಹೆಂಡತಿ ಇಬ್ಬರೇ, ಅಥವಾ ಗಟ್ಟಿಮುಟ್ಟಾದ ನಾಲ್ವರು, ಆರು ತಿಂಗಳ ಮುಂಚೆ ಅರ್ಜಿ ಹಾಕುವ ಸಹನೆ ಇದ್ದವರಾದರೆ ಲಕ್ಷದ್ವೀಪವೇ ಸರಿ. ಆದರೆ ಲಕ್ಷದ್ವೀಪವನ್ನು ಮೊದಲು ನೋಡಿ, ಅಂಡಮಾನನ್ನು ಆಮೇಲೆ ನೋಡಿ. ಒಂದಕ್ಕೆ ಕಾಲಿನ ಶಕ್ತಿ ಬೇಕು, ಇನ್ನೊಂದು ಅರವತ್ತೈದರಲ್ಲಿಯೂ ಕಾಯುತ್ತದೆ.

ನಮ್ಮ ಕೊಬ್ಬರಿ ವರ್ತಕರು ಕೊನೆಗೆ ಅಂಡಮಾನಿಗೆ ಹೋಗಿ ಬಂದರು. ಶ್ರೀಮತಿಯವರು ರಾಧಾನಗರ ತೀರದಲ್ಲಿ ಕುರ್ಚಿ ಹಾಕಿಸಿಕೊಂಡು ಸಂಜೆಯವರೆಗೂ ಕುಳಿತಿದ್ದರಂತೆ. ಅಲ್ಲಿ ಜನವರಿಯಲ್ಲಿ ಐದೂವರೆಯ ಹೊತ್ತಿಗೆಲ್ಲ ಸೂರ್ಯ ಮುಳುಗಿಬಿಡುತ್ತಾನೆ. "ಇಷ್ಟು ಬೇಗ ಕತ್ತಲಾಗುತ್ತದೆಂದು ಗೊತ್ತಿದ್ದರೆ ಇನ್ನೂ ಬೇಗ ಬರುತ್ತಿದ್ದೆವು ಸಾರ್" ಎಂದು ವರ್ತಕರು ಹೇಳಿದರು. ದಿನದ ಹೊತ್ತಿನ ವಿಷಯ ಹೇಳಿದರೋ, ವರ್ಷಗಳ ವಿಷಯ ಹೇಳಿದರೋ ನಾನು ಕೇಳಲಿಲ್ಲ. ಮುಂದಿನ ವರ್ಷದ ಡೈರಿಯಲ್ಲಿ ಜನವರಿ 23ರ ಪುಟಕ್ಕೆ ಈಗಲೇ ಒಂದು ಗುರುತು ಹಾಕಿಡಿ ಎಂಬುದಷ್ಟೇ ಸದಸ್ಯ ಬಾಂಧವರಲ್ಲಿ ನನ್ನ ವಿನಂತಿ.